ದೇವಿಮನೆ ಘಟ್ಟ ಇಳಿದ ದಿನ

ಲೈಸೆನ್ಸ್ ಸಿಕ್ಕಿ ಒಂಬತ್ತು ವರ್ಷ ಆಗಿತ್ತು. ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಸಿರಸಿ ಪೇಟೆ ದಾಟಿ ಕಾರು ಓಡಿಸಿರಲಿಲ್ಲ. ಕಲಿಯುತ್ತಿದ್ದಾಗ ಒಂದು ಏರಿನಲ್ಲಿ ಗಾಡಿ ಹಿಂದೆ ಜಾರಿ ಒಬ್ಬರ ಬೈಕಿಗೆ ತಾಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಲಿಸುತ್ತಿದ್ದವರು ರಸ್ತೆ ಮಧ್ಯದಲ್ಲೇ 'ನಿಮಗ್ಯಾಕ್ರೀ ಇದೆಲ್ಲ' ಅಂದುಬಿಟ್ಟರು. ಆ ಮಾತು ಒಳಗೆ ಕೂತುಬಿಟ್ಟಿತು.

ಡಿಸೆಂಬರಿನಲ್ಲಿ ಕಾರವಾರದ ತಮ್ಮನ ಮನೆಯಲ್ಲಿ ಮಗುವಿನ ಹುಟ್ಟುಹಬ್ಬ. ಯಜಮಾನರು ಕೆಲಸದ ಮೇಲೆ ಬೇರೆ ಊರಲ್ಲಿದ್ದರು. ಆಯಿಗೆ, ಅಂದರೆ ಅಮ್ಮನಿಗೆ, ಎಪ್ಪತ್ತು ದಾಟಿದೆ, ಮಂಡಿ ನೋವು, ಬಸ್ಸಿನಲ್ಲಿ ಘಟ್ಟ ಇಳಿದರೆ ವಾಂತಿ. 'ಕಾರು ಮನೆಯಲ್ಲೇ ಇದ್ದಲೆ, ನೀನೇ ಕರ್ಕಂಡು ಹೋಗೆ' ಅಂದಳು. ಸುಮ್ನೆ ಹೇಳಿದಳು ಅಂದುಕೊಂಡೆ. ಮರುದಿನ ನೋಡಿದರೆ ತಮ್ಮನಿಗೆ ಫೋನ್ ಮಾಡಿ ನಾವಿಬ್ಬರೇ ಬರುತ್ತೇವೆ ಅಂತ ಹೇಳಿಯೂ ಆಗಿತ್ತು.

ಕೈಯಲ್ಲಿ ಇಪ್ಪತ್ತು ದಿನ ಇತ್ತು. ಪಕ್ಕದ ಮನೆಯಲ್ಲಿ ಸಾರಿಗೆ ಬಸ್ಸಿನಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದ ಒಬ್ಬರಿದ್ದಾರೆ, ಅವರನ್ನು ಕೇಳಿದೆ. ದಿನಾ ಬೆಳಿಗ್ಗೆ ಆರಕ್ಕೆ ಬನವಾಸಿ ರಸ್ತೆಯಲ್ಲಿ ಹೋಗಿ ಬರುತ್ತಿದ್ದೆವು. ಆಮೇಲೆ ಒಂದು ಏರು ಹುಡುಕಿ ಅಲ್ಲಿ ಬೇಕಂತಲೇ ಗಾಡಿ ನಿಲ್ಲಿಸಲು ಹೇಳುತ್ತಿದ್ದರು. ಹ್ಯಾಂಡ್ ಬ್ರೇಕ್ ಎಳೆ, ಹಾಫ್ ಕ್ಲಚ್‌ಗೆ ಬಾ, ಇಂಜಿನ್ ಶಬ್ದ ಬದಲಾಗುವವರೆಗೆ ಕಾಯಿ, ಆಮೇಲೆ ಬ್ರೇಕ್ ಬಿಡು. ನಾನು ಒಂಬತ್ತು ವರ್ಷ ಹೆದರಿದ್ದು ಇದೊಂದಕ್ಕೇ. ಆ ಇಂಜಿನ್ ಶಬ್ದ ಕಿವಿಗೆ ಗುರುತಾಗಲು ನಾಲ್ಕು ದಿನ ಸಾಕಾಯಿತು. ಮೊದಲು ಕಲಿಸಿದವರು ಆ ನಾಲ್ಕು ದಿನ ತಾಳ್ಮೆ ತೋರಿಸಿದ್ದರೆ ಅಂತ ಈಗಲೂ ಅನಿಸುತ್ತದೆ.

ಘಟ್ಟದ ಬಗ್ಗೆ ಅವರು ಒಂದೇ ಮಾತು ಹೇಳಿದ್ದು: 'ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳೀರಿ.' ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇದ್ದರೆ ಅದು ಕಾಯುತ್ತದೆ, ಕಾದ ಮೇಲೆ ಹಿಡಿತ ಕಡಿಮೆಯಾಗುತ್ತದೆ. ಎರಡನೇ ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಲು ಹೋಗುವವರ ಬಗ್ಗೆ ಅವರಿಗೆ ಬಹಳ ಸಿಟ್ಟಿತ್ತು.

ಹೊರಟ ದಿನ ಬೆಳಿಗ್ಗೆ ಮಂಜು. ಹಿಂದಿನ ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ, ಹೊಟ್ಟೆಯಲ್ಲಿ ಏನೋ ತಿರುಗುತ್ತಿತ್ತು, ಮಳೆಯಾದರೂ ಬರಬಾರದೇ, ಹೋಗುವುದು ತಪ್ಪುತ್ತಿತ್ತಲ್ಲ ಅಂತ ಡಿಸೆಂಬರಿನಲ್ಲಿ ಮಳೆಗೆ ಕಾಯುತ್ತಾ ಮಲಗಿದ್ದೆ. ಆಯಿ ಮಾತ್ರ ಐದಕ್ಕೇ ಎದ್ದು ಸೀರೆ ಉಟ್ಟು, ತಮ್ಮನ ಮನೆಗೆ ಅಂತ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. 'ನಿಧಾನ ಹೋಗು, ನಂಗೇನೂ ಗಡಿಬಿಡಿ ಇಲ್ಲೆ' ಅಂದಳು. ಮಾರಿಕಾಂಬೆಗೆ ಹೊರಗಿನಿಂದಲೇ ಕೈಮುಗಿದು ಕುಮಟಾ ರಸ್ತೆ ಹಿಡಿದೆವು.

ಅಡಿಕೆ ಕೊಯ್ಲಿನ ಕಾಲ. ಅಲ್ಲಲ್ಲಿ ಅಡಿಕೆ ಬೇಯಿಸುವ ವಾಸನೆ ಕಾರಿನೊಳಗೂ ಬರುತ್ತಿತ್ತು. ರಾಗಿಹೊಸಳ್ಳಿ, ಬಂಡಲ ಎಲ್ಲ ದಾಟಿದ್ದು ನನಗೆ ಅರೆಬರೆ ನೆನಪು, ಕಣ್ಣು ರಸ್ತೆಯ ಮೇಲೇ ನೆಟ್ಟಿತ್ತು. ದೇವಿಮನೆಯಲ್ಲಿ ನಿಲ್ಲಿಸಿದೆ. ಘಟ್ಟ ಇಳಿಯುವ ಮೊದಲು ಇಲ್ಲಿ ದೇವಿಗೆ ಕೈಮುಗಿಯುವುದು ಚಿಕ್ಕಂದಿನಿಂದ ರೂಢಿ. ಆದರೆ ಡ್ರೈವರ್ ಆಗಿ ಕೈಮುಗಿದದ್ದು ಇದೇ ಮೊದಲು. ಕುಂಕುಮ ಹಚ್ಚಿಕೊಳ್ಳುವಾಗ ಬೆರಳು ನಡುಗಿದ್ದನ್ನು ಆಯಿ ನೋಡಿದಳು, ಏನೂ ಹೇಳಲಿಲ್ಲ.

ಎರಡನೇ ಗೇರು. ಮೊದಲ ತಿರುವು. ಹಾರ್ನ್. ತಿರುವಿನಾಚೆ ಏನೂ ಇಲ್ಲ. ಎರಡನೆಯದು. ಮೂರನೆಯದರಲ್ಲಿ ಎದುರಿನಿಂದ ಬಸ್ಸು ಬಂತು. ಕಿರಿದಾದ ಘಟ್ಟದ ದಾರಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಅದು ಕಾನೂನು. ಏರಿನಲ್ಲಿ ನಿಂತ ಗಾಡಿ ಮತ್ತೆ ಹೊರಡುವುದು ಎಷ್ಟು ಕಷ್ಟ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಎಡಕ್ಕೆ ಒತ್ತಿ ನಿಲ್ಲಿಸಿದೆ. ಬಸ್ಸಿನ ಡ್ರೈವರ್ ಹೋಗುವಾಗ ಕೈ ಎತ್ತಿದರು. ರಸ್ತೆಯಲ್ಲಿ ಒಬ್ಬ ಡ್ರೈವರ್ ಇನ್ನೊಬ್ಬ ಡ್ರೈವರಿಗೆ ಮಾಡುವ ಹಾಗೆ. ನನಗೆ ಕಣ್ಣು ತುಂಬಿ ಬಂತು.

ಅಲ್ಲಿಂದ ಮುಂದೆ ಕಾಡು ಕಾಣಿಸತೊಡಗಿತು, ಅಲ್ಲಿಯವರೆಗೆ ಬರೀ ಡಾಂಬರು ಕಂಡಿತ್ತು. ಕಿವಿ ಕಟ್ಟಿ ಬಿಟ್ಟಿತು. ಇಳಿದ ಹಾಗೆ ಗಾಳಿ ಬೆಚ್ಚಗಾಯಿತು, ಸ್ವೆಟರ್ ಬಿಚ್ಚಬೇಕಾಯಿತು, ಅಲ್ಲೊಂದು ಇಲ್ಲೊಂದು ತೆಂಗು ಶುರುವಾಯಿತು. ಯಾಣಕ್ಕೆ ದಾರಿ ಅಂತ ಬೋರ್ಡು ಕಂಡಾಗ ಆಯಿ, 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ. ನಂಗೆ ಎರಡೂ ಇರ್ಲಿಲ್ಲೆ' ಅಂದಳು. ಇಷ್ಟು ಹತ್ತಿರವಿದ್ದೂ ಅವಳು ಯಾಣ ನೋಡಿಲ್ಲ ಅಂತ ಗೊತ್ತಾದದ್ದು ಆಗಲೇ. ಕತಗಾಲದಲ್ಲಿ ನಿಲ್ಲಿಸಿ ಬನ್ಸ್ ತಿಂದು ಚಾ ಕುಡಿದೆವು.

ಘಟ್ಟ ಇಳಿದರೆ ಗೆದ್ದೆ ಅಂದುಕೊಂಡಿದ್ದೆ. ನಿಜವಾಗಿ ಕಷ್ಟ ಕೊಟ್ಟಿದ್ದು ದೀವಗಿಯ ಹತ್ತಿರ ಹೆದ್ದಾರಿ 66. ಕಾರವಾರದ ಕಡೆ ಹೋಗಲು ಬಲಕ್ಕೆ ತಿರುಗಬೇಕು. ಲಾರಿ, ಮೀನಿನ ಗಾಡಿ, ಟ್ಯಾಂಕರ್ ಒಂದರ ಹಿಂದೆ ಒಂದು, ನನ್ನ ಹಿಂದೆ ನಿಂತವರ ಹಾರ್ನ್ ಬೇರೆ. ಇದಕ್ಕೆ ನಾನು ತಯಾರಾಗಿರಲೇ ಇಲ್ಲ. ಇಪ್ಪತ್ತು ದಿನವೂ ಕನಸಿನಲ್ಲಿ ಬಂದದ್ದು ಘಟ್ಟ, ಈ ಜಾಗ ಒಮ್ಮೆಯೂ ಬಂದಿರಲಿಲ್ಲ. ಹಾರ್ನ್ ಹೊಡೆಯುವವರು ಹೊಡೆಯಲಿ ಅಂತ ಕೂತೆ. ಎಷ್ಟು ಹೊತ್ತು ಕೂತೆನೋ, ದಾರಿ ಪೂರ್ತಿ ಖಾಲಿಯಾದ ಮೇಲೇ ಹೊರಟೆ. ಆಮೇಲೆ ಸೇತುವೆ, ಕೆಳಗೆ ಅಗಲವಾಗಿ ಅಘನಾಶಿನಿ. ನಮ್ಮ ಸಿರಸಿ ಕಡೆ ಹುಟ್ಟಿ ಎಲ್ಲೂ ಅಣೆಕಟ್ಟಿಗೆ ಸಿಗದೆ ಸಮುದ್ರಕ್ಕೆ ಬರುವ ಹೊಳೆ. ಆಯಿ ಕಿಟಕಿ ಇಳಿಸಿ ನಾಲ್ಕಾಣೆ ಎಸೆದಳು.

ಶಿರೂರಿನಲ್ಲಿ ಇಬ್ಬರೂ ಮಾತು ನಿಲ್ಲಿಸಿದೆವು. 2024ರ ಜುಲೈ 16ರಂದು ಗುಡ್ಡ ಕುಸಿದು ಗಂಗಾವಳಿಗೆ ಬಿದ್ದದ್ದು ಇಲ್ಲೇ. ಚಾ ಕುಡಿಯಲು ನಿಂತವರು, ದೂರದ ಊರುಗಳ ಲಾರಿ ಡ್ರೈವರುಗಳು ಅದರಡಿ ಹೋದರು. ಅವರೆಲ್ಲ ನನಗಿಂತ ನೂರು ಪಾಲು ಚೆನ್ನಾಗಿ ಗಾಡಿ ಓಡಿಸುತ್ತಿದ್ದವರು. ರಸ್ತೆಯ ಭಯ ಪೂರ್ತಿ ಸುಳ್ಳಲ್ಲ, ಅಲ್ವಾ? ಅಲ್ಲಿ ನಿಧಾನವಾಗಿ, ಗೌರವದಿಂದ ದಾಟಿದೆ.

ಅಂಕೋಲಾದಲ್ಲಿ ಆಯಿಗೆ ಅವಳ ಅಜ್ಜ ಹೇಳುತ್ತಿದ್ದ ಕತೆ ನೆನಪಾಯಿತು. 1930ರಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಹಳ್ಳಿಹಳ್ಳಿಯಿಂದ ಜನ ಬಂದಿದ್ದರಂತೆ. ಪೊಲೀಸರ ಹೆದರಿಕೆ ಇರಲಿಲ್ಲವಾ ಅಂತ ಕೇಳಿದರೆ, 'ಇತ್ತು, ಹೆದರಿಕೊಂಡೇ ಹೋದ್ವಿ' ಅಂತಿದ್ದರಂತೆ ಅಜ್ಜ. ಹಟ್ಟಿಕೇರಿ ಟೋಲ್, ಅರಗಾ, ಬಿಣಗಾ. ಕೊನೆಗೆ ಸುರಂಗ. ಹೆಡ್‌ಲೈಟ್ ಹಾಕಿ ಒಳಗೆ ಹೋಗಿ ಆಚೆ ಬಂದರೆ ಎದುರಿಗೇ ಕಾರವಾರ. ತಮ್ಮ ಗೇಟಿನಲ್ಲಿ ನಿಂತಿದ್ದ. ಆಯಿ ಜಾಡಿ ಅವನ ಕೈಗೆ ಕೊಟ್ಟು, 'ಒಂದು ಸಲವೂ ವಾಂತಿ ಬರ್ಲಿಲ್ಲೆ' ಅಂದಳು. ಸಂಜೆ ಕಡಲತೀರದಲ್ಲಿ ಮಗುವಿನ ಕಾಲಿಗೆ ಅಲೆ ತಾಗಿಸಿ ಆಡಿಸುತ್ತಾ ಅವಳು ಬಹಳ ಹೊತ್ತು ಕೂತಿದ್ದಳು.

ಎರಡು ದಿನ ಬಿಟ್ಟು ವಾಪಸ್ ಹೊರಟೆವು. ಕತಗಾಲ ದಾಟಿ ಏರು ಶುರುವಾದ ಮೇಲೆ ಮತ್ತೆ ಅದೇ ಯಾಣದ ಬೋರ್ಡು. ಆಯಿ ಅದನ್ನೇ ನೋಡುತ್ತಿದ್ದಳು, ಕೇಳಲಿಲ್ಲ. ಆ ಕವಲು ದಾರಿ ಹೇಗಿದೆಯೋ ನನಗೆ ಗೊತ್ತಿರಲಿಲ್ಲ, ಅಂಗೈ ಬೆವರಿತ್ತು. ಎಡಕ್ಕೆ ಇಂಡಿಕೇಟರ್ ಹಾಕಿದೆ.