ನಿಮ್ಮ ಬದುಕಿನ ಹಾಡು ಯಾವುದು ಎಂದು ಕೇಳುವವರಿಗೆ

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಬಹಳ ಕಾಲ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು ಎಂಬ ಒಂದೇ ಕಾರಣಕ್ಕೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಂದ ಹಿಡಿದು ಷಷ್ಟಿಪೂರ್ತಿಗೆ ವಿಡಿಯೋ ಮಾಡಲು ಬರುವ ಹುಡುಗರವರೆಗೆ ಎಲ್ಲರೂ ನನ್ನನ್ನು ಕೇಳುವುದು ಒಂದೇ: "ನಿಮ್ಮ ಬದುಕಿನ ಕಥೆ ಹೇಳೋ ಹಾಡು ಒಂದು ಎಂಟು ಹತ್ತು ಆರಿಸಿ ಕೊಡ್ರಿ." ಮೊದಲೆಲ್ಲ ನಕ್ಕು ಬಾಯಿಗೆ ಬಂದ ನಾಲ್ಕು ಹೆಸರು ಹೇಳಿ ಪಾರಾಗುತ್ತಿದ್ದೆ. ಈಗ ಬರೆದೇ ಇಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವವನಿದ್ದೇನೆ.

ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಬಾಲ್ಯಕ್ಕೊಂದು ದೇವರನಾಮ, ಹರೆಯಕ್ಕೊಂದು ಸಿನಿಮಾ ಹಾಡು, ಮದುವೆಯ ಫೋಟೋಕ್ಕೊಂದು ಭಾವಗೀತೆ, ಕೂದಲು ನೆರೆತ ಮೇಲೆ ಒಂದು ವಚನ. ಈ ನಾಲ್ಕನ್ನು ಯಾರ ಫೋಟೋದ ಹಿಂದೆ ಹಾಕಿದರೂ ಹೊಂದುತ್ತವೆ ಎಂದಮೇಲೆ ನನ್ನನ್ನು ಕೇಳುವ ಕಷ್ಟವಾದರೂ ಏಕೆ?

ಪ್ರಶ್ನೆ ಹೊಸದೇನಲ್ಲ. ಬಿಬಿಸಿ ರೇಡಿಯೋದಲ್ಲಿ ರಾಯ್ ಪ್ಲಮ್ಲಿ ಎಂಬಾತ 1942ರಲ್ಲಿ, ಯುದ್ಧದ ನಡುವೆಯೇ, ಇಂಥದ್ದೊಂದು ಕಾರ್ಯಕ್ರಮ ಆರಂಭಿಸಿದ. ನಿರ್ಜನ ದ್ವೀಪದಲ್ಲಿ ಒಬ್ಬರೇ ಸಿಕ್ಕಿಕೊಂಡರೆ ಜೊತೆಗೆ ಯಾವ ಎಂಟು ಗ್ರಾಮಫೋನ್ ತಟ್ಟೆ ಇರಬೇಕು ಎಂದು ಅತಿಥಿಗಳನ್ನು ಕೇಳುವ ಆ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. 1958ರಲ್ಲಿ ಬಂದ ಸೊಪ್ರಾನೊ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಆರಿಸಿದ ಎಂಟರಲ್ಲಿ ಏಳು ಆಕೆಯೇ ಹಾಡಿದವು. ಜನ ಅದನ್ನು ಇಂದಿಗೂ ಹೇಳಿಕೊಂಡು ನಗುತ್ತಾರೆ. ನನಗೆ ಮಾತ್ರ ಆಕೆಯ ಬಗ್ಗೆ ಗೌರವವೇ ಇದೆ: ಬದುಕೆಲ್ಲ ಹಾಡಿದವಳಿಗೆ ಬದುಕಿನ ಹಾಡು ಕೇಳಿದರೆ ಆಕೆ ಮತ್ತೇನು ಕೊಡಬೇಕಿತ್ತು?

ನಮ್ಮ ಕಡೆಯವರದೇ ಬೇಕೆಂದರೆ ಭೀಮಸೇನ ಜೋಶಿಯವರಿದ್ದಾರೆ. ಗದುಗಿನ ಹುಡುಗ ಅಂಗಡಿಯೊಂದರಲ್ಲಿ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯ ತಟ್ಟೆ ಕೇಳಿದ, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ, ಉತ್ತರದಲ್ಲೆಲ್ಲ ಅಲೆದು ಕೊನೆಗೆ ಅದೇ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಬಳಿಗೆ ಕುಂದಗೋಳಕ್ಕೆ ಬಂದ. ಒಂದು ಹಾಡು ಅಂಥವರ ಕಥೆ ಹೇಳುತ್ತದೆ ಎಂದರೆ ಒಪ್ಪಬಹುದು. ಅದೇ ತಟ್ಟೆಯನ್ನು ನಾನೂ ಕೇಳಿದ್ದೇನೆ. ಕೇಳಿ, ಚಹಾ ಕುಡಿದು, ಅಂಗಡಿಯ ಬಾಗಿಲು ಹಾಕಿ ಮನೆಗೆ ಹೋಗಿದ್ದೇನೆ.

ಹಾಗಾದರೆ ನನ್ನನ್ನು ಏನು ಕೇಳಬೇಕು? ಜನ ಹಾಡು ಆರಿಸುವುದನ್ನು ಕೇಳಬೇಕು. ಎಂಬತ್ತರ ದಶಕದಲ್ಲಿ ಗಿರಾಕಿಗಳು ಖಾಲಿ ಕ್ಯಾಸೆಟ್ಟಿನ ಜೊತೆ ಒಂದು ಚೀಟಿ ತರುತ್ತಿದ್ದರು. ಅದರಲ್ಲಿದ್ದ ಹಾಡುಗಳನ್ನು ನಾನು ತುಂಬಿಸಿ ಕೊಡುತ್ತಿದ್ದೆ. (ಅದು ಕಾನೂನಿನ ಕಣ್ಣಿಗೆ ಏನಾಗಿತ್ತು ಎಂಬುದನ್ನು ಈಗ ಕೆದಕುವುದು ಬೇಡ.) ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದೊಂದು ಕಡೆಗೆ ಮೂವತ್ತು ನಿಮಿಷ, ಅಂದರೆ ಸಿನಿಮಾ ಹಾಡಾದರೆ ಸುಮಾರು ಏಳು, ಮತ್ತೆ ಕೊನೆಯಲ್ಲಿ ಒಂದಿಷ್ಟು ಟೇಪು ಉಳಿಯುತ್ತಿತ್ತು. ಚೀಟಿಯ ಮೇಲ್ಭಾಗದಲ್ಲಿ ಇರುತ್ತಿದ್ದುದು ಮನೆಗೆ ಬಂದವರು ಕೇಳಿ ತಲೆದೂಗಬೇಕಾದ ಹಾಡುಗಳು. ಕೆಳಗೆ, ಅಕ್ಷರ ಸಣ್ಣದು ಮಾಡಿ, ಕೆಲವೊಮ್ಮೆ ಬೇರೆ ಮಸಿಯಲ್ಲಿ, "ಜಾಗ ಉಳಿದರೆ" ಎಂದು ಬರೆದು ಮತ್ತೊಂದು ಹಾಡು ಇರುತ್ತಿತ್ತು. ಆ ಮನುಷ್ಯನಿಗೆ ನಿಜವಾಗಿ ಬೇಕಾದದ್ದು ಅದು ಎಂದು ನಾನು ಬಲು ಬೇಗ ಕಂಡುಕೊಂಡೆ. ಶಾಸ್ತ್ರೀಯ ಸಂಗೀತದ ಚೀಟಿ ಹಿಡಿದು ಬಂದ ದೊಡ್ಡ ಮನುಷ್ಯರೆಲ್ಲ ಕ್ಯಾಸೆಟ್ ಒಯ್ಯುವಾಗ ವಿಚಾರಿಸುತ್ತಿದ್ದುದು ಆ ಕೊನೆಯ ಸಾಲನ್ನೇ.

ಒಬ್ಬ ಶಾಲಾ ಶಿಕ್ಷಕಿ ಬಂದಿದ್ದರು. ಮಗಳು ಮದುವೆಯಾಗಿ ದೂರದೇಶಕ್ಕೆ ಹೊರಟಿದ್ದಳು, ಅವಳಿಗೆ ಕೊಡಲು ಕ್ಯಾಸೆಟ್. ದುಂಡಗಿನ ಅಕ್ಷರದಲ್ಲಿ ಪುರಂದರದಾಸರ ಪದಗಳು, ವಚನಗಳು, ಸಂಪ್ರದಾಯದ ಹಾಡುಗಳು. ಕೊನೆಗೆ ಪೆನ್ಸಿಲಿನಲ್ಲಿ, ಜಾಗ ಉಳಿದರೆ, ಹಿಂದಿ ಸಿನಿಮಾದ ಒಂದು ಕ್ಲಬ್ ಡಾನ್ಸ್ ಹಾಡು! ಎರಡನೆಯ ಕಡೆಯಲ್ಲಿ ಎರಡೂವರೆ ನಿಮಿಷವಷ್ಟೇ ಉಳಿಯುತ್ತದೆ, ಹಾಡು ನಡುವೆಯೇ ಕಡಿದು ಹೋಗುತ್ತದೆ, ಬೇಕಾದರೆ ಒಂದು ವಚನ ಬಿಡೋಣ ಎಂದೆ. ಅವರು ಸುತ್ತ ನೋಡಿ, "ವಚನ ಬಿಡಬ್ಯಾಡ್ರಿ, ನಮ್ಮ ಮನಿಯವ್ರು ಕೇಳ್ತಾರ. ಅದು ಅರ್ಧಾ ಬಂದ್ರೂ ನಡೀತದ, ಹಾಕ್ರಿ" ಎಂದರು. ಮೇಲೆ ಯಾರೂ ಬೇರೆ ತುಂಬಿಸದಂತೆ ಕ್ಯಾಸೆಟ್ಟಿನ ಬೆನ್ನಿನ ಎರಡೂ ಪ್ಲಾಸ್ಟಿಕ್ ಚೂರುಗಳನ್ನು ನನ್ನ ಕೈಯಿಂದಲೇ ಮುರಿಸಿ, ಮುರಿದದ್ದನ್ನು ಬೆರಳಿನಿಂದ ಮುಟ್ಟಿ ನೋಡಿ, ಒಯ್ದರು. ತಾಯಿ ಮಗಳು ಆ ಹಾಡಿಗೆ ಅಡುಗೆಮನೆಯಲ್ಲಿ ಕುಣಿದಿದ್ದರೋ ಏನೋ, ನಾನು ಕೇಳಲಿಲ್ಲ. ಇಂದಿನ ವಿಡಿಯೋದ ಹುಡುಗರಾಗಿದ್ದರೆ ಅದರ ಹಿಂದಿನ ನೆನಪು ಹೇಳ್ರಿ ಮೇಡಂ ಎಂದು ಮೈಕು ಹಿಡಿಯುತ್ತಿದ್ದರು.

ಆದ್ದರಿಂದ ನನ್ನನ್ನು ಕೇಳುವುದೇ ಆದರೆ, ಜಾಗ ಉಳಿದರೆ ಯಾವುದನ್ನು ಹಾಕಿಸುತ್ತೀರಿ ಎಂದು ಕೇಳಿ. ಅದಕ್ಕೆ ಉತ್ತರವಿದೆ, ನಿಮಗದು ರುಚಿಸದಿದ್ದರೆ ನಾನು ಹೊಣೆಯಲ್ಲ. ಒಂದು ಸಿನಿಮಾ ಹಾಡಿತ್ತು. ಹೆಸರು ಹೇಳುವುದಿಲ್ಲ, ಅದನ್ನು ಬರೆದವರ ಅಭಿಮಾನಿಗಳು ಬಹಳ. ನನಗೆ ಅದು ಮೊದಲ ದಿನವೇ ಹಿಡಿಸಲಿಲ್ಲ, ಇಂದಿಗೂ ಹಿಡಿಸುವುದಿಲ್ಲ. ಆದರೆ ಲಗ್ನದ ಹಂಗಾಮಿನಲ್ಲಿ ಬಂದ ಚೀಟಿಗಳಲ್ಲೆಲ್ಲ ಅದೇ ಇರುತ್ತಿದ್ದುದರಿಂದ ಬೆಳಗಿನಿಂದ ರಾತ್ರಿಯವರೆಗೆ ಅದನ್ನೇ ತುಂಬಿಸಿ, ಟೇಪ್ ರೆಕಾರ್ಡರಿನ ಹೆಡ್ಡಿಗೆ ಮೆತ್ತಿದ ಕಂದು ಪುಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ಅದನ್ನೇ ತುಂಬಿಸುತ್ತಿದ್ದೆ. ತಟ್ಟೆ ಸವೆದು ಚರಚರ ಎನ್ನತೊಡಗಿದಾಗ ಹೊಸದು ತಂದೆ. ಅಂಗಡಿಯ ಬಾಡಿಗೆ, ಮಗಳ ಶಾಲೆಯ ಶುಲ್ಕ, ಅವ್ವನ ಕಣ್ಣಿನ ಆಪರೇಶನ್ನು ನಡೆದದ್ದು ಆ ಹಾಡಿನ ಹಣದಲ್ಲಿ. ಇಷ್ಟವೇ ಎಂದು ಒಬ್ಬ ಗಿರಾಕಿಯೂ ಕೇಳಲಿಲ್ಲ. ಸಂಜೆಯೊಳಗೆ ಸಿಗುತ್ತದೆಯೇ ಎಂದಷ್ಟೇ ಕೇಳಿದರು.