ಎಲ್ಲರಿಗೂ ಬಂತು

ಕೆನಡಾಕ್ಕೆ ವಲಸೆ ಹೋಗಲು ಕಾಯುತ್ತಿದ್ದವರ ನಮ್ಮ ಆನ್‌ಲೈನ್ ಗುಂಪಿಗೆ ಒಂಬತ್ತು ನಿಯಮಗಳಿದ್ದವು. ಬರೆದವಳು ನಾನೇ. ಮೊದಲನೆಯದು: ‘ಸ್ಕ್ರೀನ್‌ಶಾಟ್ ನಂಬಬೇಡಿ, ಹಾಕಲೂ ಬೇಡಿ. ಕೆನಡಾ ಸರಕಾರದ ಪುಟದ ಲಿಂಕ್ ಹಾಕಿ.’ ಅದನ್ನು ಮುರಿದವಳೂ ನಾನೇ, ಅದೂ ಮುನ್ನೂರ ನಲವತ್ತು ಜನರ ಎದುರಿಗೆ. 2021ರ ಫೆಬ್ರವರಿ 13, ಶನಿವಾರ ರಾತ್ರಿ.

ಗುಂಪು ಹುಟ್ಟಿದ್ದು ಅದಕ್ಕೂ ಒಂದೂವರೆ ವರ್ಷ ಮೊದಲು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಮುಗಿಸಿ ಹೊರಗೆ ನಿಂತಿದ್ದ ಏಳು ಜನ ನಂಬರ್ ಹಂಚಿಕೊಂಡೆವು, ಅಷ್ಟೆ. ಏಳೂ ಜನಕ್ಕೆ ಒಂದೇ ಚಿಂತೆ: ಲಿಸನಿಂಗ್‌ನಲ್ಲಿ 8 ಬರುತ್ತದೋ ಇಲ್ಲವೋ. ಓದು, ಬರಹ, ಮಾತು ಮೂರರಲ್ಲೂ 7 ಸಾಕು, ಕೇಳುವುದರಲ್ಲಿ ಮಾತ್ರ 8 ಬೇಕು, ಆಗಲೇ ಕೆನಡಾದ ಭಾಷಾಮಟ್ಟದ ಅಳತೆಯಾದ ಸಿಎಲ್‌ಬಿಯಲ್ಲಿ 9. ಅಂಕ ನೋಡಿ ಕಾಯಂ ವಾಸಕ್ಕೆ ಜನರನ್ನು ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯ ಲೆಕ್ಕದಲ್ಲಿ ಆ ಗೆರೆ ದಾಟಿದವರಿಗೆ ಓದಿಗೂ ಅನುಭವಕ್ಕೂ ಬೇರೆಯಾಗಿ ಅಂಕ ಸೇರುತ್ತದೆ. ಲಿಸನಿಂಗ್‌ನಲ್ಲಿ 8ರ ಬದಲು 7.5 ಬಂತು ಅನ್ನಿ, ನನ್ನಂಥವಳಿಗೆ 58 ಅಂಕ ಹೋದ ಹಾಗೆ. ಹಿಂದಿನ ಬೆಂಚಿನವನು ಕೆಮ್ಮಿದ್ದಕ್ಕೆ ದೇಶ ತಪ್ಪಿತು ಅಂತ ಒಬ್ಬರು ಕೊನೆಯವರೆಗೂ ಹೇಳಿಕೊಂಡು ಓಡಾಡುತ್ತಿದ್ದರು.

ಏಳು ಜನ ನಲವತ್ತಾದರು, ನಲವತ್ತು ಇನ್ನೂರೈವತ್ತಾದರು. ಆಗ ವಾಟ್ಸಾಪ್ ಗುಂಪಿಗೆ 256 ಜನರ ಮಿತಿ ಇತ್ತು. ಅದಕ್ಕಿಂತ ದೊಡ್ಡ ತಲೆನೋವು ಬೇರೆ: ಹೊಸಬರಿಗೆ ಹಳೆಯ ಸಂದೇಶ ಕಾಣುತ್ತಿರಲಿಲ್ಲ. ಹಾಗಾಗಿ ಪ್ರತಿ ವಾರ ಒಬ್ಬರು ಬಂದು ‘ಇಸಿಎ ಅಂದರೇನು?’ ಅನ್ನುವುದು, ನಾನು ಕೂತು ಮೊದಲಿಂದ ಹೇಳುವುದು. ಪದವಿಯ ಮೌಲ್ಯಮಾಪನ, ಐದು ವರ್ಷ ನಡೆಯುತ್ತದೆ. ಐಇಎಲ್‌ಟಿಎಸ್ ಎರಡೇ ವರ್ಷ. ಪ್ರೊಫೈಲ್ ಒಂದು ವರ್ಷ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. 2021ರ ಜನವರಿಯಲ್ಲಿ ವಾಟ್ಸಾಪ್‌ನ ಹೊಸ ಗೋಪ್ಯತಾ ನೀತಿಯ ಗಲಾಟೆ ಎದ್ದಾಗ, ಅದೇ ನೆಪ ಮಾಡಿಕೊಂಡು ಎಲ್ಲರನ್ನೂ ಟೆಲಿಗ್ರಾಂಗೆ ಎಳೆದುಕೊಂಡು ಬಂದೆ. ಅಲ್ಲಿ ಹೊಸಬರು ಬೇಕಾದಷ್ಟು ಹಿಂದಕ್ಕೆ ಹೋಗಿ ಓದಿಕೊಳ್ಳಬಹುದು. ಈ ಸೌಲಭ್ಯದ ಬಗ್ಗೆ ನನಗೆ ಆಗ ಬಹಳ ಹೆಮ್ಮೆ ಇತ್ತು.

ಗುಂಪು ದೊಡ್ಡದಾದ ಮೇಲೆ ಬರುವವರೂ ಬರುತ್ತಾರೆ. ಒಬ್ಬ ನಮ್ಮ ಹಾಗೇ ಕಾಯುತ್ತಿರುವವನೆಂದು ಸೇರಿಕೊಂಡು, ಒಬ್ಬೊಬ್ಬರಿಗೇ ಖಾಸಗಿಯಾಗಿ ‘ಅಲ್ಲಿನ ಕಂಪನಿಯ ಆಫರ್ ಲೆಟರ್ ಕೊಡಿಸ್ತೀನಿ, ಐವತ್ತು ಅಂಕ ಗ್ಯಾರಂಟಿ’ ಅಂತ ಬರೆಯುತ್ತಿದ್ದ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ ಎಂಬುದನ್ನು ಅವನು ಹೇಳುವುದಿಲ್ಲವಲ್ಲ. ಹಣ ತೆಗೆದುಕೊಂಡು ಸಲಹೆ ಕೊಡಲು ಅಲ್ಲಿನ ಕಾನೂನಿನ ಪ್ರಕಾರ ವಕೀಲರೋ, ಕ್ವಿಬೆಕ್‌ನ ನೋಟರಿಯೋ, ಪರವಾನಗಿ ಇರುವ ಸಲಹೆಗಾರರೋ, ಅಂಥ ಅಧಿಕೃತರು ಆಗಿರಬೇಕು. ಬಿಟ್ಟಿ ಸಲಹೆ ಯಾರು ಬೇಕಾದರೂ ಕೊಡಬಹುದು. ನಾವು ಕೊಡುತ್ತಿದ್ದದ್ದು ಬಿಟ್ಟಿಯದು. ಅವನನ್ನು ಹೊರಗೆ ಹಾಕಿದ ದಿನವೇ ನಿಯಮ ಆರು ಹುಟ್ಟಿತು.

ಇನ್ನು ಮೇಷ್ಟ್ರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುವವರು, ಮೂವತ್ತೊಂಬತ್ತು ವಯಸ್ಸು. ಪ್ರತಿ ಡ್ರಾದ, ಅಂದರೆ ಹೆಚ್ಚು ಅಂಕದವರಿಂದ ಶುರುಮಾಡಿ ಅರ್ಜಿಗೆ ಕರೆಯುವ ಸುತ್ತಿನ, ಕಟ್‌ಆಫ್ ಎಕ್ಸೆಲ್‌ನಲ್ಲಿ ತುಂಬಿಸಿ ಇಟ್ಟಿದ್ದರು. ಒಂದು ರಾತ್ರಿ ಎಲ್ಲರೂ ಸೇರಿ ಒಬ್ಬಳಿಗೆ ರೈಟಿಂಗ್ ಟಾಸ್ಕ್ ತಿದ್ದಿಕೊಡುತ್ತಿದ್ದಾಗ ಬರೆದರು: “ಒಂದು ವಿಷಯ ಗಮನಿಸಿದಿರಾ? ಇಲ್ಲಿ ಪಾಸು-ಫೇಲು ಅಂತ ಇಲ್ಲ, ರ್‍ಯಾಂಕ್ ಇದೆ. ನಾವು ಒಬ್ಬರನ್ನೊಬ್ಬರು ಮೇಲೆ ಎತ್ತಿದಷ್ಟೂ ಕಟ್‌ಆಫ್ ಮೇಲೆ ಹೋಗುತ್ತೆ. ಈ ಹುಡುಗಿಗೆ 7 ಬಂದರೆ ನಾನು ಒಂದು ಸ್ಥಾನ ಕೆಳಗೆ.” ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಐದು ನಿಮಿಷ ಬಿಟ್ಟು ಅವರೇ ಆ ಹುಡುಗಿಯ ಎರಡನೇ ಪ್ಯಾರಾ ತಿದ್ದಿ ಕಳಿಸಿದರು. ಕಾಯುವವರ ಪೂಲ್‌ನಲ್ಲಿ ಲಕ್ಷಕ್ಕೂ ಮೀರಿ ಜನ, ನಮ್ಮ ಮುನ್ನೂರರಿಂದ ಏನೂ ಅಲುಗಾಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆವು. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಆಮೇಲೆ ಯಾರಾದರೂ ‘ಅಕ್ಕ, ನನ್ನದು 470 ಆಯ್ತು!’ ಅಂದಾಗ, ಅಭಿನಂದನೆ ಟೈಪ್ ಮಾಡುವ ಮುಂಚೆ ಒಂದು ಕ್ಷಣ ಬೆರಳು ನಿಲ್ಲುತ್ತಿತ್ತು.

ನನ್ನದು 467. ಮೂವತ್ತು ವಯಸ್ಸು, ಸ್ನಾತಕೋತ್ತರ ಪದವಿ, ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಐದು ವರ್ಷ. 2020ರ ಡಿಸೆಂಬರ್ 23ರ ಡ್ರಾದಲ್ಲಿ 5,000 ಜನರನ್ನು ಕರೆದರು. ಕಟ್‌ಆಫ್ 468.

ಇನ್ನೂ ಒಂದು ಮಾತು ಹೇಳಬೇಕು. ಮಾರ್ಚ್‌ನಲ್ಲಿ ನನ್ನ ಹುಟ್ಟುಹಬ್ಬ. ಒಂಟಿ ಅರ್ಜಿದಾರರಿಗೆ ಮೂವತ್ತಕ್ಕೆ ವಯಸ್ಸಿನ 105 ಅಂಕ, ಮೂವತ್ತೊಂದಕ್ಕೆ 99. ಅಂದರೆ ಕೇಕ್ ಕತ್ತರಿಸುವ ದಿನ ನಾನು 461. ಜನವರಿಯಲ್ಲಿ ಬಂದ ನಾಲ್ಕು ಡ್ರಾಗಳಲ್ಲಿ ಎರಡು ಅಲ್ಲಿನ ಪ್ರಾಂತ್ಯಗಳು ಆರಿಸಿದವರಿಗೆ, ಎರಡು ಅದಾಗಲೇ ಕೆನಡಾದಲ್ಲಿ ಕೆಲಸ ಮಾಡಿದವರಿಗೆ ಮಾತ್ರ. ಉಳಿದಿದ್ದದ್ದು ಒಂದು ತಿಂಗಳು.

ಇದನ್ನೆಲ್ಲ ಹೇಳುತ್ತಿರುವುದು ತಪ್ಪಿಗೆ ಸಮಜಾಯಿಷಿ ಕೊಡಲು ಎಂದು ನಿಮಗನ್ನಿಸಿದರೆ, ಹೌದು, ಅದಕ್ಕೇ.

ಡ್ರಾ ಸಾಮಾನ್ಯವಾಗಿ ವಾರದ ನಡುವೆ ಬರುತ್ತಿತ್ತು. ಶನಿವಾರ ಯಾರೂ ಕಾಯುವುದಿಲ್ಲ. ರಾತ್ರಿ ಹತ್ತೂಕಾಲಿಗೆ ಹಳೆಯ ಸಹೋದ್ಯೋಗಿಯೊಬ್ಬಳು ಒಂದು ಚಿತ್ರ ಕಳಿಸಿದಳು. ಎರಡೇ ಸಾಲು. ಕರೆದವರ ಸಂಖ್ಯೆ: 27,332. ಕೊನೆಯ ಅಂಕ: 75. ನಾನು 475 ಎಂದು ಓದಿದೆ. 475 ಆದರೆ ನನಗಿಲ್ಲ ಎಂದು ಫೋನ್ ಮಗುಚಿಟ್ಟೆ. ಮತ್ತೆ ಎತ್ತಿಕೊಂಡೆ. 4 ಇರಲಿಲ್ಲ. ಅಲ್ಲಿಯವರೆಗೆ ಒಂದು ಡ್ರಾದಲ್ಲಿ 5,000ಕ್ಕಿಂತ ಹೆಚ್ಚು ಜನರನ್ನು ಕರೆದದ್ದೇ ಇಲ್ಲ. 1,200 ಅಂಕಗಳ ಲೆಕ್ಕದಲ್ಲಿ 75 ಅಂದರೆ, ನಮ್ಮ ಗುಂಪಿನ ಅತಿ ಕಡಿಮೆ ಅಂಕದವರಿಗೂ ಅದರ ನಾಲ್ಕು ಪಟ್ಟು ಇತ್ತು. ಇನ್ನೊಂದು ಕಡೆಯಿಂದಲೂ ಅದೇ ಸಂಖ್ಯೆ ಬಂತು. ಎರಡು ಕಡೆಯಿಂದ ಬಂದರೆ ನಿಜ ತಾನೇ ಅನ್ನಿಸಿತು. ಎರಡೂ ಒಂದೇ ಚಿತ್ರದ ಪ್ರತಿ ಎಂಬುದು ಹೊಳೆಯಲಿಲ್ಲ.

‘ಎಲ್ಲರಿಗೂ ಬಂತು!!! ಕಟ್‌ಆಫ್ 75!!!’

ಕೆಳಗೆ ಆ ಚಿತ್ರ. ಆರು ಆಶ್ಚರ್ಯಸೂಚಕ ಚಿಹ್ನೆ. ಈಗ ಎಣಿಸಿದ್ದೇನೆ.

ಆಮೇಲಿನ ಹನ್ನೊಂದು ನಿಮಿಷ ನಮ್ಮ ಗುಂಪಿನ ಚರಿತ್ರೆಯಲ್ಲೇ ಅತಿ ಸಂತೋಷದ ಹನ್ನೊಂದು ನಿಮಿಷ. ತಿಂಗಳುಗಟ್ಟಲೆ ಬಾಯಿ ಬಿಡದವರೆಲ್ಲ ಬಂದರು. ಒಬ್ಬ ರಾಜೀನಾಮೆ ಪತ್ರದ ಕರಡೇ ಹಾಕಿದ. ನರ್ಸ್ ಮೇಡಂ ಬರೆದರು, “ಮಲಗಿದ್ದ ಮಕ್ಕಳನ್ನ ಎಬ್ಬಿಸಿ ಹೇಳಿಬಿಟ್ಟೆ ಅಕ್ಕ, ತಡೆಯೋಕ್ಕಾಗ್ಲಿಲ್ಲ.” ಅವರು ನನಗಿಂತ ಆರು ವರ್ಷ ದೊಡ್ಡವರು. ಆದರೂ ಅಡ್ಮಿನ್ ಆದ ಕಾರಣಕ್ಕೆ ನಾನು ಎಲ್ಲರಿಗೂ ಅಕ್ಕ. ಈ ನಡುವೆ ನನ್ನ ಖಾತೆ ತೆರೆದು ನೋಡಿದೆ. ಆಹ್ವಾನಪತ್ರ ಇರಲಿಲ್ಲ. ‘ಸರ್ವರ್ ಮೇಲೆ ಲೋಡ್ ಇರುತ್ತೆ, ಒಬ್ಬೊಬ್ಬರಿಗೇ ಬರುತ್ತೆ, ಗಾಬರಿ ಆಗಬೇಡಿ’ ಎಂದು ಅದಕ್ಕೂ ಒಂದು ವಿವರಣೆ ಹಾಕಿದೆ. ತಿಳಿದವಳ ಹಾಗೆ ಮಾತಾಡುವುದು ಎಷ್ಟು ಬೇಗ ಅಭ್ಯಾಸವಾಗಿಬಿಡುತ್ತದೆ ನೋಡಿ.

ಹನ್ನೆರಡನೇ ನಿಮಿಷಕ್ಕೆ ಮೇಷ್ಟ್ರು ಬಂದರು. “ಮೇಡಂ, ಯಾವ ಪ್ರೋಗ್ರಾಂ ಅಂತ ನೋಡಿದಿರಾ?” ಕೆಳಗೆ ಸರಕಾರಿ ಪುಟದ ಲಿಂಕ್. ನಿಯಮ ಒಂದರ ಪ್ರಕಾರ.

ನನ್ನ ಚಿತ್ರದಲ್ಲಿ ಮೇಲಿನ ಸಾಲು ಕತ್ತರಿಸಿಹೋಗಿತ್ತು. ಆ ಸಾಲಿನಲ್ಲಿದ್ದದ್ದು ‘ಕೆನೇಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್’. ಹಿಂದಿನ ಮೂರು ವರ್ಷಗಳಲ್ಲಿ ಕೆನಡಾದೊಳಗೇ ಒಂದು ವರ್ಷ ಕುಶಲ ಕೆಲಸ ಮಾಡಿದವರ ವರ್ಗ. ಕೊರೋನಾ ಬಂದು ಗಡಿ ಮುಚ್ಚಿತ್ತು. ಹೊರಗಿನ ಬಹುತೇಕರು ಒಳಗೆ ಬರುವ ಹಾಗಿರಲಿಲ್ಲ. ಆದರೆ 2021ರಲ್ಲಿ 4,01,000 ಜನರಿಗೆ ಕಾಯಂ ವಾಸ ಕೊಡುತ್ತೇವೆಂದು ಸರಕಾರ ಹಿಂದಿನ ಅಕ್ಟೋಬರ್‌ನಲ್ಲೇ ಘೋಷಿಸಿಯಾಗಿತ್ತು. ಲೆಕ್ಕ ತುಂಬಬೇಕಾದರೆ ಒಳಗಿರುವವರನ್ನೇ ಕರೆಯಬೇಕು. ಕರೆದರು. 75 ಎಂಬುದು ಪರೀಕ್ಷೆ ಸುಲಭವಾದದ್ದರ ಗುರುತಲ್ಲ. ಆ ವರ್ಗದಲ್ಲಿ ಇದ್ದವರನ್ನೆಲ್ಲ ಹೆಚ್ಚುಕಡಿಮೆ ಗುಡಿಸಿ ತೆಗೆದುಕೊಂಡಾಗ ಕೊನೆಯಲ್ಲಿ ನಿಂತಿದ್ದವರ ಅಂಕ. ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆ ರಾತ್ರಿ ಇದನ್ನು ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದೆ. ಕೊನೆಗೆ ಹೋದದ್ದು ಇಷ್ಟೇ: ‘ತಪ್ಪಾಯಿತು. ಇದು ನಮಗಲ್ಲ. ಕ್ಷಮಿಸಿ.’

ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ರಾಜೀನಾಮೆ ಹಾಕಿದ್ದವನು ಅದನ್ನು ಅಳಿಸಿದ. ಒಂದೊಂದೇ ಸಂಭ್ರಮದ ಸಂದೇಶ ಪರದೆಯಿಂದ ಮಾಯವಾಗುತ್ತಾ ಹೋಯಿತು, ಮದುವೆ ಮನೆಯ ಚಪ್ಪರ ಬಿಚ್ಚಿದ ಹಾಗೆ.

ಹನ್ನೊಂದೂವರೆಗೆ ಯಾರೋ ವಾಯ್ಸ್ ಚಾಟ್ ತೆರೆದರು. ಟೆಲಿಗ್ರಾಂನಲ್ಲಿ ಅದು ಬಂದು ಎರಡು ತಿಂಗಳೂ ಆಗಿರಲಿಲ್ಲ, ನಾವು ಒಮ್ಮೆಯೂ ಬಳಸಿರಲಿಲ್ಲ. ಅರುವತ್ತು ಜನ ಒಳಗೆ ಬಂದರು. ಯಾರೂ ಮಾತಾಡಲಿಲ್ಲ. ಮ್ಯೂಟ್ ಮಾಡಲು ಗೊತ್ತಿಲ್ಲದವರ ಮನೆಯ ಫ್ಯಾನುಗಳು ತಿರುಗುತ್ತಿದ್ದವು. ಎಲ್ಲೋ ಒಂದು ಮಗು ನೀರು ಕೇಳಿತು. ಒಂದೂವರೆ ವರ್ಷ ಅಕ್ಷರದಲ್ಲಷ್ಟೇ ಇದ್ದ ಜನ ಮೊದಲ ಸಲ ಒಬ್ಬರ ಮನೆಯ ಸದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾ ಕೂತಿದ್ದೆವು. ಬಹಳ ಹೊತ್ತಾದ ಮೇಲೆ ಮೇಷ್ಟ್ರು ಕೆಮ್ಮಿ, “ನನಗೆ ಜೂನ್‌ಗೆ ನಲವತ್ತು,” ಅಂದರು. ಇನ್ಯಾರೋ, “ಸರ್, ಫ್ರೆಂಚ್ ಕಲಿಯೋಣ. ಅದಕ್ಕೆ ಬೇರೆ ಅಂಕ ಇದೆಯಂತೆ,” ಅಂದರು. ಒಂದಿಬ್ಬರು ನಕ್ಕರು. ನಾನು ಬಾಯಿ ತೆರೆಯಲಿಲ್ಲ.

ಆಗಲೇ ಖಾಸಗಿಯಾಗಿ ಒಂದು ಸಂದೇಶ ಬಂತು. ಗುಂಪಿನ ಮೊದಲ ಏಳರಲ್ಲಿ ಒಬ್ಬ. ನಮ್ಮ ಹಾಗೆ ಕಾಯಲಾರೆ ಎಂದು ವಿದ್ಯಾರ್ಥಿ ವೀಸಾದಲ್ಲಿ ಹೋಗಿ, ಒಂದು ವರ್ಷದ ಕೋರ್ಸ್ ಮುಗಿಸಿದ ಹುಡುಗ. ಹೋದ ಹೊಸತರಲ್ಲಿ ಬಿಡಿ ಬಿಡಿಯಾಗಿ ಫೋಟೊ ಹಾಕುತ್ತಿದ್ದ, ಆಮೇಲೆ ಸುಮ್ಮನಾಗಿದ್ದ.

“ಅಕ್ಕ, ನನ್ನ ಹೆಂಡತಿ ಒಂದು ವರ್ಷದಿಂದ ಇಲ್ಲಿ ಹೋಟೆಲಲ್ಲಿ ಸೂಪರ್‌ವೈಸರ್. ಅವಳ ಹೆಸರಲ್ಲೇ ಪ್ರೊಫೈಲ್ ಹಾಕಿದ್ವಿ. ಬರೀ 412. ಆಸೆ ಬಿಟ್ಟಿದ್ವಿ. ನಮಗೆ ನಿಜವಾಗ್ಲೂ ಬಂದಿದೆ. ಗ್ರೂಪಲ್ಲಿ ಹೇಳ್ಲಾ, ಬೇಡ್ವಾ?”

412. ನನ್ನದು 467. ಆ ಎರಡು ಸಂಖ್ಯೆಗಳನ್ನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ. ಅವರು ಅಲ್ಲಿ ಚಳಿಯಲ್ಲಿ ದುಡಿದಿದ್ದಾರೆ, ಸಾಲ ಮಾಡಿದ್ದಾರೆ, ದಕ್ಕಬೇಕಾದ್ದು ಅವರಿಗೇ ಎಂದು ಗೊತ್ತು. ಗೊತ್ತಿದ್ದರೂ ಹೊಟ್ಟೆಯಲ್ಲಿ ಏನೋ ಹುಳಿ ಹಿಂಡಿದಂತಾಯಿತು. ಬರೆದೆ: “ತುಂಬಾ ಖುಷಿಯಾಯ್ತು. ಇವತ್ತು ಬೇಡ, ಎಲ್ಲರೂ ಬೇಜಾರಲ್ಲಿದ್ದಾರೆ.” ಎಲ್ಲರ ಹೆಸರಿನಲ್ಲಿ ನನ್ನದೊಬ್ಬಳದೇ ಬೇಜಾರನ್ನು ಕಳಿಸಿದೆ. “ಸರಿ ಅಕ್ಕ,” ಅಂದ.

ಭಾನುವಾರ ಬೆಳಿಗ್ಗೆ ನರ್ಸ್ ಮೇಡಂ ಫೋನ್ ಮಾಡಿದರು. ಜಗಳಕ್ಕಲ್ಲ. ಒಂದು ಸಲಹೆ ಬೇಕಿತ್ತಂತೆ. ಅವರ ಮಗಳು ಎದ್ದವಳೇ ಹೋಗಿ ತನ್ನ ಸೈಕಲ್ಲನ್ನು ಗೆಳತಿಗೆ ಕೊಟ್ಟು ಬಂದಿದ್ದಳು, ನಾವು ಕೆನಡಾಗೆ ಹೋಗ್ತಾ ಇದ್ದೀವಿ ಅಂತ. “ಈಗ ವಾಪಸ್ ಕೇಳೋದು ಹೇಗೆ ಅಕ್ಕ?” ಎಂದು ಕೇಳಿ ಅವರೇ ನಗಲು ಶುರುಮಾಡಿದರು. ನನಗೆ ನಗು ಬರಲಿಲ್ಲ. ಡಾಕ್ಯುಮೆಂಟ್ ಚೆಕ್‌ಲಿಸ್ಟ್ ಇದೆ, ರೆಫರೆನ್ಸ್ ಲೆಟರ್ ಮಾದರಿ ಇದೆ, ಪೊಲೀಸ್ ಕ್ಲಿಯರೆನ್ಸ್‌ಗೆ ಹಂತ ಹಂತದ ವಿವರ ಇದೆ. ಸೈಕಲ್ ವಾಪಸ್ ಕೇಳುವುದಕ್ಕೆ ನನ್ನ ಹತ್ತಿರ ಫೈಲ್ ಇರಲಿಲ್ಲ.

ಆ ಹುಡುಗ ಮಂಗಳವಾರದವರೆಗೂ ಕಾದು, ನನ್ನನ್ನು ಮತ್ತೆ ಕೇಳದೆ ಗುಂಪಿನಲ್ಲಿ ಹಾಕಿದ. ಮೊದಲು ಅಭಿನಂದಿಸಿದವರು ಮೇಷ್ಟ್ರು. ಅವರ ಎಕ್ಸೆಲ್‌ಗೆ ಬೇಕಿತ್ತೇನೋ, “ಯಾವತ್ತು ಬಂತಪ್ಪ?” ಅಂದರು. “ಶನಿವಾರ ಸರ್. ಅಕ್ಕನಿಗೆ ಅವತ್ತೇ ಹೇಳಿದ್ದೆ.” ಅದಕ್ಕೆ ಯಾರೂ ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ.

ನಮ್ಮಂತೆ ಹೊರಗಿದ್ದವರಿಗೆ ಮತ್ತೆ ಡ್ರಾ ಬಂದದ್ದು 2022ರ ಜುಲೈ 6ರಂದು. 1,500 ಜನ, ಕಟ್‌ಆಫ್ 557. ಅಷ್ಟರಲ್ಲಿ ನನ್ನ ಐಇಎಲ್‌ಟಿಎಸ್ ಅವಧಿ ಮುಗಿದಿತ್ತು. ಮುಗಿಯದಿದ್ದರೂ 456. ಗುಂಪಿನ ಅರ್ಧ ಜನ ಆಸ್ಟ್ರೇಲಿಯಾ, ಜರ್ಮನಿ ಅಂತ ಬೇರೆ ಬೇರೆ ಗುಂಪುಗಳಿಗೆ ಹೊರಟುಹೋಗಿದ್ದರು. ಮೇಷ್ಟ್ರು ಮಾತ್ರ ಫ್ರೆಂಚ್ ಕಲಿಯುತ್ತಾ ಉಳಿದರು.

ಆ ರಾತ್ರಿಯ ಸಂದೇಶವನ್ನು ನಾನು ಅಳಿಸಿಲ್ಲ. ಅಡ್ಮಿನ್‌ಗೆ ಅದು ಎರಡು ಒತ್ತಿನ ಕೆಲಸ. ಮೊದಮೊದಲು ಶಿಕ್ಷೆ ಅಂತ ಬಿಟ್ಟೆ, ಆಮೇಲೆ ಮರೆತೆ. ಹೊಸಬರು ಸೇರಿದಾಗ ಮೊದಲು ನಿಯಮ ಓದುತ್ತಾರೆ, ನಂತರ ಕುತೂಹಲಕ್ಕೆ ಹಿಂದೆ ಹಿಂದೆ ಹೋಗುತ್ತಾರೆ. ಅಷ್ಟು ಹಿಂದೆ ಹೋದಾಗ, ಸುತ್ತಲಿನ ಸಂಭ್ರಮವೆಲ್ಲ ಅಳಿಸಿಹೋಗಿ ಅದೊಂದೇ ನಿಂತಿರುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಯಾರಾದರೂ ಅದಕ್ಕೆ ಉತ್ತರವಾಗಿ ಕೇಳುತ್ತಾರೆ:

“ಏನು ಬಂತು ಅಕ್ಕ?”