ಸಿ ಕಾರ್ಡಿನಿಂದ ಎಫ್‌ಗೆ

ಶನಿವಾರ, ಜುಲೈ 12, 2025
ಶಿರಸಿ ಹತ್ತಿರದ ನಮ್ಮೂರು

ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯಿತು. ಅಡಿಕೆ ಮರ ಹತ್ತುವ ಕೊನೆಗೌಡ ಸಿಕ್ಕಿದ್ದೇ ಸಿಕ್ಕಿದ್ದು, ಅಪ್ಪ ಕೊಳೆರೋಗದ ಔಷಧ ಹೊಡೆಸಲು ತೋಟಕ್ಕೆ ಇಳಿದರು. ಅಜ್ಜಿ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು. ಗಿಟಾರ್ ಹಿಡಿಯಲು ಇದಕ್ಕಿಂತ ಒಳ್ಳೆ ಹೊತ್ತು ಆಷಾಢದಲ್ಲಿ ಸಿಗುವುದಿಲ್ಲ. ಮಳೆ ಜೋರಿದ್ದರೆ ಹಂಚಿನ ಸದ್ದಿಗೆ ನನ್ನ ತಂತಿಯೇ ನನಗೆ ಕೇಳಿಸುವುದಿಲ್ಲ, ಇನ್ನು ಟಿಕ್ ಟಿಕ್ ಎಂದು ಲಯ ಎಣಿಸುವ ಮೆಟ್ರೊನೋಮ್ ಎಲ್ಲಿಂದ ಕೇಳಬೇಕು?

ಇವತ್ತು ಬೇರೆ ಏನನ್ನೂ ನುಡಿಸುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ಸಿ ಕಾರ್ಡಿನಿಂದ ಎಫ್ ಕಾರ್ಡಿಗೆ ಹೋಗುವುದು, ಅಷ್ಟೇ. ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ನುಡಿಯುವ ಹಾಗೆ ಬೆರಳು ಹಿಡಿಯುವುದು. ಗಿಟಾರ್ ಕಲಿಯುವವರಲ್ಲಿ ಅರ್ಧ ಜನ ಎಫ್ ಹತ್ತಿರ ಬಂದೇ ಕೈ ಚೆಲ್ಲುತ್ತಾರೇನೋ ಎಂದು ನನ್ನ ಗುಮಾನಿ. ತೋರುಬೆರಳು ಮೊದಲನೇ ಫ್ರೆಟ್‌ನಲ್ಲಿ, ಅಂದರೆ ಗಿಟಾರಿನ ಕುತ್ತಿಗೆ ಮೇಲಿನ ಸರಿಗೆಗಳ ನಡುವಿನ ಮೊದಲ ಮನೆಯಲ್ಲಿ, ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು. ಒತ್ತಿದಷ್ಟೂ ಕೈ ನೋವು, ಸದ್ದು ಮಾತ್ರ ಠಕ್ ಠಕ್.

ಮೆಟ್ರೊನೋಮ್ ಹಾಕಲಿಲ್ಲ. ಎಡಗೈ ಮೇಲೆ ಕಣ್ಣಿಟ್ಟು, ಆದಷ್ಟು ನಿಧಾನವಾಗಿ ಬೆರಳು ಬದಲಿಸುತ್ತಾ ಹೋದೆ. ತೆಳು ತಂತಿ ಒಂದನೆಯದು, ದಪ್ಪದ್ದು ಆರನೆಯದು. ಸಿ ಹಿಡಿದಾಗ ಉಂಗುರಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿರುತ್ತದೆ. ಎಫ್‌ನಲ್ಲೂ ಅದರ ಜಾಗ ಅದೇ! ಎತ್ತುವ ಕೆಲಸವೇ ಇಲ್ಲ. ಅದು ಕೂತಲ್ಲೇ ಕೂತಿರಲಿ. ನಡುಬೆರಳು ನಾಲ್ಕನೇ ತಂತಿಯಿಂದ ಮೂರನೆಯದಕ್ಕೆ ಸರಿಯುತ್ತದೆ, ಫ್ರೆಟ್ ಅದೇ. ಕಿರುಬೆರಳು ಉಂಗುರಬೆರಳಿನ ಪಕ್ಕ ನಾಲ್ಕನೇ ತಂತಿಗೆ ಇಳಿಯುತ್ತದೆ. ಆಮೇಲೆ ತೋರುಬೆರಳು ಮಲಗುತ್ತದೆ. ಜೋರಾಗಿ ನುಡಿಸುವಾಗ ಎಲ್ಲಾ ಬೆರಳೂ ಒಟ್ಟಿಗೆ ಹಾರಿ ಒಟ್ಟಿಗೆ ಬೀಳುತ್ತವೆ, ಇದೆಲ್ಲ ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು ವಿಷಯವೂ ಗೊತ್ತಾಯಿತು. ಮೂರು, ನಾಲ್ಕು, ಐದನೇ ತಂತಿಗಳನ್ನು ಬೇರೆ ಬೆರಳುಗಳು ಒತ್ತಿರುತ್ತವೆ. ತೋರುಬೆರಳು ನಿಜಕ್ಕೂ ಒತ್ತಬೇಕಾದ್ದು ಆರನೆಯದು, ಎರಡನೆಯದು, ಒಂದನೆಯದು. ನಡುವೆ ಎಷ್ಟು ಬಲ ಹಾಕಿದರೂ ದಂಡ. ಬೆರಳನ್ನು ಚೂರು ಹೊರಳಿಸಿ, ಎಲುಬಿನ ಮಗ್ಗುಲು ತಂತಿಗೆ ತಾಗುವಂತೆ ಮಾಡಿ, ಫ್ರೆಟ್ಟಿನ ಸರಿಗೆಗೆ ಆದಷ್ಟು ಹತ್ತಿರ ತಂದೆ. ಒಂದೊಂದೇ ತಂತಿ ಮೀಟಿ ನೋಡಿದೆ. ಎರಡನೇ ತಂತಿ ಮೊದಲ ಸಲ ಬಾಯಿ ಬಿಟ್ಟಿತು.

ಅಜ್ಜಿಗೆ ತಡೆಯಲಾಗಲಿಲ್ಲ. ಜಗಲಿಯಿಂದಲೇ ಕೇಳಿದರು: "ಕೂಸೇ, ಅದರ ಮುಂದಿಂದು ಬತ್ತಿಲ್ಯನೇ?"

"ಮುಂದಿಂದು ಬತ್ತು ಅಜ್ಜಿ, ಇದೇ ಬತ್ತಿಲ್ಲೆ!"

ಮುಂದಿನದು ಬರುತ್ತದೆ, ಇದೇ ಬರುವುದಿಲ್ಲ ಎಂದು ತಮಾಷೆಗೆ ಹೇಳಿದ್ದು, ಆದರೆ ವಿಷಯ ಇರುವುದೇ ಅಲ್ಲಿ. ಬರುವುದನ್ನು ನುಡಿಸುತ್ತಾ ಕೂತರೆ ಎರಡು ತಾಸು ಹೋದದ್ದೇ ಗೊತ್ತಾಗುವುದಿಲ್ಲ, ಖುಷಿಯೂ ಆಗುತ್ತದೆ. ಅದು ನುಡಿಸುವುದು, ಅಭ್ಯಾಸ ಬೇರೆ. ಗಿಟಾರ್ ಮಾಷ್ಟ್ರು ಹೇಳುವ ಲೆಕ್ಕ ಸರಳ: "ಎಡವಿದ ಕೂಡಲೇ ಹಾಡನ್ನು ಮೊದಲಿಂದ ಶುರು ಮಾಡಬೇಡ. ಆ ಜಾಗದ ಹಿಂದಿನ ಒಂದು ತಾಳದ ಪೆಟ್ಟು, ಮುಂದಿನ ಒಂದು ಪೆಟ್ಟು, ಅಷ್ಟೇ ತಗೊ." ಮೊದಲಿಂದ ಶುರು ಮಾಡಿದರೆ ಗಟ್ಟಿಯಾಗುವುದು ಮೊದಲ ನಾಲ್ಕು ಸಾಲು, ಎಡವುವ ಜಾಗ ಇದ್ದಲ್ಲೇ ಇರುತ್ತದೆ.

ಆಮೇಲೆ ಮೆಟ್ರೊನೋಮ್ ಹಾಕಿದೆ, ನಿಮಿಷಕ್ಕೆ 50 ಪೆಟ್ಟು. ಸಂಗೀತ ಕಲಿತ ಮನೆಯವರಿಗೆ ಮೂರು ಕಾಲ ಗೊತ್ತೇ ಇರುತ್ತದಲ್ವಾ? ನಾನೂ ಅದನ್ನೇ ಮಾಡುತ್ತೇನೆ. ವೇಗದ ಸಂಖ್ಯೆ ಮುಟ್ಟುವುದಿಲ್ಲ. ಅದೇ 50ರಲ್ಲಿ ಒಂದು ಪೆಟ್ಟಿಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಒಂದನೇ ಕಾಲ ಸುಲಭ ಅನ್ನಿಸುತ್ತದೆ, ಆದರೆ ಪೆಟ್ಟುಗಳ ನಡುವಿನ ಜಾಗ ದೊಡ್ಡದು, ಕೈ ಅವಸರ ಮಾಡಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಕಾರ್ಡ್ ಬದಲಾವಣೆಗೆ ಮೂರು ಕಾಲವೂ ಬೇಡ, ಸದ್ಯ ನಾಲ್ಕು ಪೆಟ್ಟಿಗೆ ಒಂದು ಸಲ ಸಾಕು.

ಫೋನ್ ಒಂದು ತಾಪತ್ರಯ. ದೂರ ಇಡು ಅಂತಾರೆ, ಮೆಟ್ರೊನೋಮ್ ಇರುವುದೇ ಅದರಲ್ಲಿ. ಏರೋಪ್ಲೇನ್ ಮೋಡ್‌ಗೆ ಹಾಕಿ ಮಗುಚಿ ಇಡುತ್ತೇನೆ. ನಮ್ಮೂರಲ್ಲಿ ಗಾಳಿ ಬೀಸಿದರೆ ಕಂಪನಿಯವರೇ ಆ ಉಪಕಾರ ಮಾಡುತ್ತಾರೆ, ಅದು ಬೇರೆ ಮಾತು. ಇಪ್ಪತ್ತು ನಿಮಿಷ ಆದಮೇಲೆ ಗಮನ ಜಾರುತ್ತದೆ. ಆಗ ಸುಮ್ನೆ ಎಳೆಯುವುದಕ್ಕಿಂತ ಎದ್ದು ಕಷಾಯ ಕುಡಿದು ಬರುವುದು ಮೇಲು. ಇವತ್ತೂ ಹಾಗೇ ಮಾಡಿದೆ. ಆದರೆ ಲೋಟ ತೊಳೆಯದೆ ಬಂದೆ, ಅಮ್ಮನಿಂದ ಬೈಸಿಕೊಂಡೆ. ನೀರಲ್ಲಿ ನೆನೆದರೆ ಬೆರಳ ತುದಿಯ ಗಟ್ಟಿ ಚರ್ಮ ಮೆತ್ತಗಾಗುತ್ತದೆ, ತಂತಿ ಕುಯ್ಯುತ್ತದೆ ಎಂದರೆ ಯಾರು ನಂಬುತ್ತಾರೆ?

ಗಿಟಾರಿನದೂ ಒಂದು ಪಾಲು ತಪ್ಪಿದೆ. ಮರದ ವಾದ್ಯಕ್ಕೆ ಗಾಳಿಯಲ್ಲಿ ಶೇ. 45ರಿಂದ 55ರಷ್ಟು ತೇವ ಹಿತ. ಶಿರಸಿ ಕಡೆ ಜುಲೈಯಲ್ಲಿ ಅದನ್ನು ಎಲ್ಲಿಂದ ತರುವುದು? ಮರ ತೇವ ಕುಡಿದು ಮೇಲಿನ ಹಲಗೆ ಉಬ್ಬುತ್ತದೆ, ತಂತಿ ಫ್ರೆಟ್ಟಿನಿಂದ ಮೇಲೇಳುತ್ತದೆ, ಅದೇ ಎಫ್‌ಗೆ ಜಾಸ್ತಿ ಬಲ ಬೇಕಾಗುತ್ತದೆ. ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ, ನುಡಿಸಿದ ಮೇಲೆ ಹಳೇ ಹತ್ತಿ ಪಂಚೆಯ ತುಂಡಿನಿಂದ ತಂತಿ ಒರೆಸುತ್ತೇನೆ. ಆದರೂ ಮೂರನೇ ತಂತಿ ಆಗಲೇ ಕಪ್ಪಾಗಿದೆ.

ಈಗಿರುವುದು 12ರ ಸೆಟ್, ಅಂದರೆ ತೆಳು ತಂತಿಯ ದಪ್ಪ 0.012 ಇಂಚು. ಮಂಗಳವಾರ ದೇವಿಕೆರೆ ಹತ್ತಿರದ ಕ್ಲಾಸಿಗೆ ಹೋದಾಗ ಇನ್ನೂ ತೆಳುವಾದ 10ರ ಸೆಟ್ ಸಿಗುತ್ತದಾ ನೋಡಬೇಕು. ಸಿಗದಿದ್ದರೆ ಎಲ್ಲಾ ತಂತಿ ಅರ್ಧ ಸ್ವರ ಇಳಿಸಿ, ಮೊದಲ ಫ್ರೆಟ್‌ಗೆ ಕೇಪೋ (ಎಲ್ಲಾ ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ನುಡಿಸಿದರೆ ಬಿಗಿ ಕಡಿಮೆಯಾಗುತ್ತದೆ, ಶ್ರುತಿ ಮೊದಲಿನದೇ ಉಳಿಯುತ್ತದೆ. ಹಾಗೆ ಮಾಡಲಾ ಎಂದು ಮಾಷ್ಟ್ರನ್ನು ಕೇಳಬೇಕು. ಸೋಮಾರಿತನ ಅಂತ ಬೈದರೂ ಬೈದಾರು.